ಬಂಪರ್ ಗೀಚಿದ್ದಕ್ಕೆ ಕ್ಲೇಮ್ ಮಾಡಬೇಕಾ?

ಎಲ್ಲರಿಗೂ ನಮಸ್ಕಾರ. ಬೇಸ್‌ಮೆಂಟ್ ಕಂಬಕ್ಕೆ ಕಾರು ಉಜ್ಜಿದವರು ಈ ತಿಂಗಳು ನಾನೂ ಸೇರಿ ಮೂವರು! ವಿಮೆ ಕ್ಲೇಮ್ ಹಾಕೋದಾ ಬೇಡ್ವಾ ಅಂತ ಕೇಳಿದ್ರಿ, ಅದಕ್ಕೆ ನನ್ನ ಲೆಕ್ಕ ಹೇಳುತ್ತೇನೆ.

ಗ್ಯಾರೇಜಿನವರು ಹಿಂದಿನ ಬಂಪರ್ ಪೇಂಟಿಗೆ 4,800 ರೂಪಾಯಿ ಕೇಳಿದರು. ಕ್ಲೇಮ್ ಮಾಡಿದರೂ ಮೊದಲ 1,000 ನಮ್ಮದೇ (1500 ಸಿಸಿ ದಾಟಿದ ಕಾರಿಗೆ 2,000). ಜೀರೋ ಡೆಪ್ (ಸವಕಳಿ ಕಡಿಯದ ಆಡ್-ಆನ್, ಅಂದರೆ ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ, ಭಾಗ ಹಳೆಯದಾಗಿದೆ ಎಂದು ಸವಕಳಿ ಅಂತ ಇನ್ನಷ್ಟು ಕಡಿತ. ಅಂದರೆ ಸಿಗೋದು ಹೆಚ್ಚೆಂದರೆ 3,800.

ಕಳೆದುಕೊಳ್ಳೋದು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ. ನಾಲ್ಕು ವರ್ಷ ಕ್ಲೇಮ್ ಮಾಡದೆ ನನಗೆ 45% ಬಂದಿತ್ತು, ಮುಂದಿನ ಸಲ 50%. ಸ್ವಂತ ಹಾನಿಯ (ನಮ್ಮದೇ ಕಾರಿನ ಹಾನಿಗೆ ಕಟ್ಟೋ) ಪ್ರೀಮಿಯಂ 9,000 ಅಂದ್ರೆ 4,500 ಉಳಿತಾಯ. ಒಂದು ಕ್ಲೇಮ್ ಮಾಡಿದರೆ ಸೊನ್ನೆ, ಮತ್ತೆ 20%ನಿಂದ ಹತ್ತಬೇಕು. ಸುಮ್ನೆ ಕೈಯಿಂದ ಕೊಟ್ಟೆ.

ಹೆಡ್‌ಲೈಟ್, ಬಾಗಿಲು ಹೋಗಿದ್ದರೆ ಬೇರೆ ಮಾತು, ಕ್ಲೇಮ್ ಮಾಡಿ. ಕ್ಲೇಮ್ ಮಾಡಿದರೂ ಬೋನಸ್ ಉಳಿಸೋ ಆಡ್-ಆನ್ ಇದೆಯಾ ಅಂತ ಪಾಲಿಸಿಯಲ್ಲಿ ಮೊದಲು ನೋಡಿಕೊಳ್ಳಿ. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಈ ಲೆಕ್ಕವೆಲ್ಲ ಬೇಡ. ಪೊಲೀಸರಿಗೂ ವಿಮೆಯವರಿಗೂ ತಕ್ಷಣ ತಿಳಿಸಲೇಬೇಕು.

ಕ್ಲೇಮ್ ಮಾಡುವವರು ರಿಪೇರಿಗೆ ಮುಂಚೆ ಫೋಟೊ ತೆಗೆದು, ಸರ್ವೇಯರ್ (ಹಾನಿ ಅಂದಾಜು ಮಾಡುವವರು) ನೋಡುವ ತನಕ ಕೈ ಹಚ್ಚಬೇಡಿ. ಆ ಕಂಬಕ್ಕೆ ರಬ್ಬರ್ ಪಟ್ಟಿ ಹಾಕಿಸೋ ವಿಷಯ ಭಾನುವಾರದ ಮೀಟಿಂಗ್‌ನಲ್ಲಿ ಎತ್ತುತ್ತೇನೆ.