ಮಗಳಿಗೊಂದು ಪತ್ರ: ಜಾನಿಸ್ ಅಲ್ಲ, ಯಾನಿಸ್

ಪ್ರೀತಿಯ ಪುಟ್ಟಿ,

ಭಾನುವಾರ ವಿಡಿಯೊ ಕಾಲ್‌ನಲ್ಲಿ ನಿನ್ನ ಸ್ನೇಹಿತನನ್ನು ನಾನು ಎರಡೆರಡು ಸಲ ‘ಜಾನಿಸ್’ ಅಂದೆ. ಪಾಪ, ಹುಡುಗ ನಕ್ಕು ಸುಮ್ಮನಾದ. ಕಣ್ಣು ಬಿಟ್ಟವಳು ನೀನು!

ಆಮೇಲೆ ಕೂತು ಓದಿದೆ. ನೀನೀಗ ಓದುತ್ತಿರುವ ಯುರೋಪಿನ ಲಾಟ್ವಿಯಾ ದೇಶದವರ ‘ಜೆ’ ಅಂದರೆ ನಮ್ಮ ‘ಯ’. ಹಾಗಾಗಿ ಅವನು ಯಾನಿಸ್. ಎದುರಿಗೆ ಕರೆಯುವಾಗ ಬಾಲದ ‘ಸ್’ ಬಿಟ್ಟು ‘ಯಾನಿ’ ಅನ್ನಬೇಕಂತೆ. ‘ರಾಮ ಬಂದ’ ಅಂತೀವಿ, ಕರೆಯುವಾಗ ‘ರಾಮಾ’ ಅಂತೀವಲ್ಲ, ಹಾಗೆ. ಆ ಬಾಲದ ಮೇಲೆ ಅವರಿಗೆ ಎಷ್ಟು ಪ್ರೀತಿ ಅಂದರೆ, ಜಾರ್ಜ್ ಬುಷ್ ಅಲ್ಲಿ ‘ಜಾರ್ಜ್ಸ್ ಬುಷ್ಸ್’. ನಾಲಿಗೆ ಹೊರಳಿದರೆ ಹೇಳು.

ಈ ಹೆಸರಿನ ಮೂಲ ಹೀಬ್ರೂವಿನ ‘ಯೋಹಾನಾನ್’. ದೇವರು ಕರುಣೆ ತೋರಿದ ಅಂತ ಅರ್ಥ. ಕನ್ನಡ ಬೈಬಲಿನ ಯೋಹಾನ, ಇಂಗ್ಲಿಷಿನ ಜಾನ್, ರಷ್ಯದ ಇವಾನ್ ಎಲ್ಲ ಇವನ ಅಣ್ಣತಮ್ಮಂದಿರೇ. ನಿನ್ನ ಕ್ಲಾಸಿನಲ್ಲೇ ಮೂರು ಜನ ಯಾನಿಸ್ ಇದ್ದಾರೆ ಅಂದೆಯಲ್ಲ, ಅದೇನೂ ಹೆಚ್ಚಲ್ಲ ಬಿಡು. 1922ರಲ್ಲಿ ದೇಶದ ಮೊದಲ ಅಧ್ಯಕ್ಷರಾದ ಚಾಕ್ಸ್ಟೆ ಅವರೂ ಯಾನಿಸ್. ಅಲ್ಲಿನ ದೊಡ್ಡ ಕವಿ ರೈನಿಸ್ ಇದ್ದಾರಲ್ಲ, ಅವರ ಮನೆಯವರಿಟ್ಟ ಹೆಸರೂ ಅದೇ.

ಅಲ್ಲಿ ಹೆಸರುಗಳಿಗೂ ಕ್ಯಾಲೆಂಡರಿನಲ್ಲಿ ಒಂದೊಂದು ದಿನ ಇರುತ್ತದಂತೆ; ಜೂನ್ 24 ಈ ಹೆಸರಿನ ದಿನ. ಚರ್ಚಿನ ಲೆಕ್ಕದಲ್ಲಿ ಅದು ಏಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನ ಹುಟ್ಟಿದ ದಿನ. ಅದಕ್ಕೂ ಹಳೆಯ ಬೇಸಗೆಯ ಹಬ್ಬವೊಂದು ಅದರೊಳಗೆ ಬಂದು ಸೇರಿಕೊಂಡಿದೆ. ಹಬ್ಬದ ಹೆಸರೇ ‘ಯಾಞಿ’, ಅಂದರೆ ಯಾನಿಸ್‌ಗಳು, ಬಹುವಚನ. (ಒಂದನೇ ಕ್ಲಾಸಿನಿಂದ ಸುಮ್ನೆ ಕೂತಿದ್ದ ನಮ್ಮ ‘ಞ’ಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ನೋಡು!) 23ರ ಸಂಜೆ ಬೆಂಕಿ ಹಾಕಿ, ‘ಲೀಗ್ವೊ, ಲೀಗ್ವೊ’ ಅಂತ ಹಾಡುತ್ತಾ ಬೆಳಗಿನವರೆಗೂ ಎದ್ದಿರುತ್ತಾರೆ. ಹೆಂಗಸರ ತಲೆಗೆ ಹೂವಿನ ದಂಡೆ, ಗಂಡಸರಿಗೆ ಓಕ್ ಎಲೆಯದು. ಜೀರಿಗೆಯಂಥ ಕಾಳು ಹಾಕಿದ ದುಂಡನೆಯ ಚೀಸ್ ಬೇರೆ. ನೀನೂ ಹೋಗು, ಹಾಡು, ಚೀಸ್ ತಿನ್ನು. ಸ್ವೆಟರ್ ಮರೆಯಬೇಡ.

ಇನ್ನೊಂದು ಮಾತು. ಆ ರಾತ್ರಿ ಹುಡುಗ ಹುಡುಗಿಯರು ಜರೀಗಿಡದ (ಫರ್ನ್) ಹೂ ಹುಡುಕುತ್ತಾ ಜೋಡಿಯಾಗಿ ಕಾಡಿಗೆ ಹೋಗುತ್ತಾರೆ ಅಂತಲೂ ಓದಿದೆ. ಪುಟ್ಟಿ, ನಿನ್ನಮ್ಮ ಇಪ್ಪತ್ತೆರಡು ವರ್ಷ ಬಾಟನಿ ಪಾಠ ಮಾಡಿದವಳು. ಜರೀಗಿಡ ಹೂ ಬಿಡುವುದಿಲ್ಲ.

ಯಾನಿಯನ್ನು ಕೇಳಿದೆ ಅಂತ ಹೇಳು.

ನಿನ್ನ ಅಮ್ಮ