ವಿಷಯ: ಲಾರಿಯ ಗಾಳಿ ತಾಪಮಾನ ಸೆನ್ಸರನ್ನು ತಪ್ಪು ಜಾಗದಲ್ಲಿ ಕೂರಿಸಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಲಾರಿ ರಿಪೇರಿ ವರ್ಕ್‌ಶಾಪ್, ಮೈಸೂರು.

ಮಾನ್ಯರೇ,

ಕಳೆದ ತಿಂಗಳು ತಮ್ಮ ವರ್ಕ್‌ಶಾಪಿನಲ್ಲಿ ನನ್ನ ಲಾರಿಯ ಒಡೆದ ಇಂಟರ್‌ಕೂಲರ್ (ಎಂಜಿನ್‌ಗೆ ಹೋಗುವ ಬಿಸಿ ಗಾಳಿಯನ್ನು ತಣಿಸುವ ಭಾಗ) ತೆಗೆದು ದೊಡ್ಡದೊಂದನ್ನು ಅಳವಡಿಸಿದಾಗ ಹಳೆಯ ಪೈಪನ್ನೂ ಬದಲಾಯಿಸಬೇಕಾಯಿತು. ಗಾಳಿಯ ತಾಪಮಾನ ಅಳೆಯುವ ಸೆನ್ಸರ್ ಇದ್ದದ್ದು ಆ ಪೈಪಿನಲ್ಲೇ. ಅದನ್ನು ಬೇರೆಡೆ ಕೂರಿಸಬೇಕಾಗಿ ಬಂದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ತಮ್ಮ ಮೇಸ್ತ್ರಿಗಳು, ಗಾಳಿಯನ್ನು ಒತ್ತಿ ಕಳಿಸುವ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪಿನಲ್ಲಿ, ಟರ್ಬೊದಿಂದ ಒಂದು ಗೇಣು ದೂರದಲ್ಲೇ ತೂತು ಕೊರೆದು ಅದನ್ನು ಕೂರಿಸಿದ್ದಾರೆ. ಹೀಗೇಕೆ ಎಂದು ಕೇಳಿದ್ದಕ್ಕೆ, ವೈರು ಎಟುಕಿದ್ದು ಅಲ್ಲಿಯವರೆಗೆ ಮಾತ್ರ ಎಂದರು.

ಮಂಡ್ಯದಿಂದ ಬೆಲ್ಲ ಒಯ್ದು ಮಂಗಳೂರಿನಲ್ಲಿ ಇಳಿಸಿ, ರಸಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಲಾರಿಯ ಪಿಕಪ್ ಪೂರ್ತಿ ಬಿದ್ದುಹೋಗಿ, ಎರಡನೇ ಗೇರಿನಲ್ಲಿ ತೆವಳುತ್ತಾ ಸಕಲೇಶಪುರ ಸೇರಬೇಕಾಯಿತು. ತಮ್ಮಲ್ಲಿಗೆ ತಂದಾಗ ಸೆನ್ಸರ್ ಹಾಳಾಗಿದೆ ಎಂದು ಹೊಸದು ಹಾಕಿ 2,850 ರೂಪಾಯಿ ಪಡೆದಿರಿ. ಅದೇ ತೊಂದರೆ ಮರುಕಳಿಸಿದಾಗ ಇನ್ನೊಂದು ಹಾಕಿ ಮತ್ತೆ ಅಷ್ಟೇ ಪಡೆದಿರಿ. ಎರಡು ಸಲವೂ ಖಾಲಿ ಲಾರಿಯನ್ನು ರಿಂಗ್ ರಸ್ತೆಯಲ್ಲಿ ಓಡಿಸಿ ನೋಡಿ ಸರಿಯಿದೆ ಎಂದಿರಿ. ಖಾಲಿ ಲಾರಿ ಸಮ ರಸ್ತೆಯಲ್ಲಿ ಓಡುವಾಗ ಟರ್ಬೊ ಗಾಳಿಯನ್ನು ಅಷ್ಟಾಗಿ ಒತ್ತುವುದೇ ಇಲ್ಲವಾದ್ದರಿಂದ ಗಾಳಿ ಕಾಯುವುದೂ ಇಲ್ಲ, ದೋಷ ಕಾಣುವುದೂ ಇಲ್ಲ.

ಕೊನೆಗೆ ಮಂಡ್ಯದ ಪರಿಚಯದ ಮೆಕ್ಯಾನಿಕ್ ಒಬ್ಬರು ಸ್ಕ್ಯಾನರ್ ಜೋಡಿಸಿ, ಲೋಡು ಸಮೇತ ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆ ಏರು ಹತ್ತಿಸಿದರು. ಬೆಳಿಗ್ಗೆ ತಣ್ಣನೆಯ ಎಂಜಿನ್‌ನಲ್ಲಿ 24 ಡಿಗ್ರಿ ತೋರಿಸುತ್ತಿದ್ದ ಸೆನ್ಸರ್ ಏರಿನಲ್ಲಿ 118 ತೋರಿಸಿತು. ನಿಲ್ಲಿಸಿದ ಕೂಡಲೇ ಇಂಟರ್‌ಕೂಲರಿನಿಂದ ಹೊರಬರುವ ಪೈಪನ್ನು ಅಳೆದರೆ 52 ಮಾತ್ರ ಇತ್ತು. ಎಂಜಿನ್ ಒಳಗೆ ಹೋಗುವುದು ತಣಿದ ಗಾಳಿ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ತಲುಪುವುದು ಟರ್ಬೊ ಬಾಯಿಯ ಸುಡುಗಾಳಿಯ ಲೆಕ್ಕ. ಅದನ್ನು ನಂಬಿ ಕಂಪ್ಯೂಟರ್ ಎಂಜಿನ್ ಉಳಿಸಿಕೊಳ್ಳಲು ಡೀಸೆಲ್ ಕಡಿಮೆ ಮಾಡುತ್ತದೆ. ಅಂದರೆ ತಾವು ಕಿತ್ತು ಹಾಕಿದ ಎರಡು ಸೆನ್ಸರುಗಳೂ ಸರಿಯಾಗಿಯೇ ಇದ್ದವು.

ಎರಡನೇ ಸಲ ತಮ್ಮವರು ಹೇಳಿದ ವೈರ್ ಲೂಸ್ ಎಂಬ ಕಾರಣವೂ ನಿಲ್ಲುವುದಿಲ್ಲ. ಈ ಬಗೆಯ ಸೆನ್ಸರಿನಲ್ಲಿ ಬಿಸಿ ಏರಿದಷ್ಟೂ ವಿದ್ಯುತ್ ರೋಧ ಇಳಿಯುವುದರಿಂದ, ವೈರು ಬಿಟ್ಟುಹೋಗಿ ರೋಧ ವಿಪರೀತ ಏರಿದರೆ ಕಂಪ್ಯೂಟರಿಗೆ ಕೊರೆಯುವ ಚಳಿಯ ಲೆಕ್ಕ ಸಿಗಬೇಕೇ ಹೊರತು ಬಿಸಿಯದ್ದಲ್ಲ. ಹಾಗೆಂದು ವೈರಿನ ಕೆಲಸ ಚೆನ್ನಾಗಿದೆ ಎಂದೇನಲ್ಲ: ಎರಡು ಎಳೆ ಹೊಸೆದು ಸುತ್ತಿದ ಟೇಪು ಕರಗಿ ಜಾರಿದ್ದು, ಒಳಗಿನ ತಾಮ್ರ ಕಪ್ಪಾಗಿದೆ.

ಆದ್ದರಿಂದ ಸೆನ್ಸರನ್ನು ಇಂಟರ್‌ಕೂಲರಿನ ನಂತರ, ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹತ್ತಿರದ ನೇರ ಪೈಪಿಗೆ ಥ್ರೆಡ್ ಇರುವ ಬುಷ್ ವೆಲ್ಡ್ ಮಾಡಿ ಕೂರಿಸಿ, ಅದರ ತುದಿ ಪೈಪಿನ ಗೋಡೆಗೆ ತಾಗದೆ ಗಾಳಿಯ ಹರಿವಿನಲ್ಲಿರುವಂತೆ ನೋಡಿಕೊಂಡು, ವೈರನ್ನು ಬೆಸುಗೆ ಹಾಕಿ ಉದ್ದ ಮಾಡಿ, ಹಳೆಯ ತೂತನ್ನು ಗಾಳಿ ಸೋರದಂತೆ ಮುಚ್ಚಿಕೊಡಬೇಕು. ಬಳಿಕ ಲೋಡು ತುಂಬಿ, ಏರಿನಲ್ಲಿ, ನನ್ನ ಎದುರಿಗೇ ಪರೀಕ್ಷಿಸಬೇಕು. ಎರಡು ಸೆನ್ಸರುಗಳ 5,700 ರೂಪಾಯಿ ಮತ್ತು ನನ್ನ ಹಳೆಯ ಸೆನ್ಸರನ್ನು ಹಿಂತಿರುಗಿಸಬೇಕು. ನಾಲ್ಕು ದಿನದ ಬಾಡಿಗೆ ತಪ್ಪಿದ್ದನ್ನು ನಾನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಇರುವ ಒಂದೇ ಲಾರಿಯನ್ನು ನಾನೇ ಓಡಿಸಿ ಜೀವನ ನಡೆಸುತ್ತಿರುವುದರಿಂದ ನಾನೂ ಗ್ರಾಹಕನೇ; ಹಾಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ನಾನು ವಾಸವಿರುವ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಲು ಅವಕಾಶವಿದೆ. ಮೂರು ಬಿಲ್ಲುಗಳ ನಕಲು, ಸ್ಕ್ಯಾನರ್ ಪರದೆಯ ಫೋಟೊ ಹಾಗೂ ಕರಗಿದ ಟೇಪಿನ ಫೋಟೊ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಲಾರಿ ಮಾಲೀಕ ಹಾಗೂ ಚಾಲಕ, ಮಂಡ್ಯ