ಮಜುರ್ಕಾದ ಮೂರು ಪೆಟ್ಟುಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಪಿಯಾನೊದ ಸಣ್ಣ ನೃತ್ಯರಚನೆಗಳನ್ನು ಆದಷ್ಟು ಬೇಗ ಮುಗಿಸಿ ಸೊನಾಟಾಗಳಂಥ ದೊಡ್ಡ ರಚನೆಗಳಿಗೆ ಕೈಹಾಕಬೇಕೆಂದಿದ್ದೇನೆ ಎಂದು ನೀನು ಬರೆದಿದ್ದೀಯೆ. ಅದನ್ನು ಓದಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ಒಂದೆರಡು ನಿಮಿಷಗಳಲ್ಲಿ ಮುಗಿಯುವ ಆ ರಚನೆಗಳಲ್ಲಿ ಸ್ವರಗಳು ಕಡಿಮೆ, ಬೆರಳುಗಳಿಗೆ ಕೆಲಸವೂ ಕಡಿಮೆ ಎಂಬುದು ನಿಜ. ಆದರೆ ಒಂದು ಆವರ್ತದ ಮೂರು ಪೆಟ್ಟುಗಳಲ್ಲಿ ಯಾವುದರ ಮೇಲೆ ಎಷ್ಟು ಭಾರ ಹಾಕಬೇಕು, ಯಾವುದನ್ನು ಕೂದಲೆಳೆಯಷ್ಟು ಹಿಗ್ಗಿಸಬೇಕು ಎಂಬ ಪ್ರಶ್ನೆ ಅವುಗಳಲ್ಲಿ ಎದುರಾಗುವಷ್ಟು ನೇರವಾಗಿ ಬೇರೆಲ್ಲೂ ಎದುರಾಗುವುದಿಲ್ಲ. ಈ ನೃತ್ಯಗಳ ಚೆಲುವೆಲ್ಲ ಆ ಭಾರದ ಹಂಚಿಕೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಪೋಲೆಂಡಿನ ಸಂಯೋಜಕ ಶೋಪಾನನ ಮಜುರ್ಕಾಗಳೆಂಬ ನೃತ್ಯರಚನೆಗಳನ್ನೇ ತೆಗೆದುಕೋ. 1830ರಲ್ಲಿ ವಾರ್ಸಾ ಬಿಟ್ಟು ಹೊರಟ ಅವನು ಮತ್ತೆ ಪೋಲೆಂಡಿಗೆ ಮರಳಲಿಲ್ಲ. 1849ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮಜುರ್ಕಾ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಐವತ್ತಕ್ಕೂ ಹೆಚ್ಚಿರುವ ಈ ರಚನೆಗಳ ಹಿಂದೆ ಪೋಲೆಂಡಿನ ಹಳ್ಳಿಗಳ ಮೂರು ಕುಣಿತಗಳಿವೆ: ಠೀವಿಯ ಮಝುರ್, ನಿಧಾನವಾಗಿ ತೂಗಾಡುವ ಕುಯಾವಿಯಾಕ್, ಗಿರಗಿರನೆ ಸುತ್ತುವ ಒಬೆರೆಕ್. ಒಂದೇ ಮಜುರ್ಕಾದೊಳಗೆ ಎರಡು ಬಗೆಯ ಕುಣಿತಗಳು ಸೇರಿಕೊಂಡಿರುವುದೂ ಉಂಟು. ಆದ್ದರಿಂದ ಈ ಭಾಗದಲ್ಲಿ ಕುಣಿಯುತ್ತಿರುವವರು ಯಾರು, ಅವರ ಹೆಜ್ಜೆ ಯಾವುದು ಎಂದು ಕೇಳಿಕೊಳ್ಳದೆ ವೇಗವನ್ನು ನಿರ್ಧರಿಸಬಾರದು.

ಮೂರಕ್ಕೂ ಸಾಮಾನ್ಯವಾದ ಗುಣವೊಂದಿದೆ. ಮೂರು ಪೆಟ್ಟುಗಳ ತಾಳದಲ್ಲಿ ಒತ್ತು ಮೊದಲನೆಯದರ ಮೇಲೆ ಬೀಳುತ್ತದೆಂದು ನಾವು ನಿರೀಕ್ಷಿಸುತ್ತೇವೆ. ಮಜುರ್ಕಾದಲ್ಲಿ ಅದು ಎರಡನೆಯದಕ್ಕೋ ಮೂರನೆಯದಕ್ಕೋ ಜಾರುತ್ತದೆ. ‘ತಕಿಟ ತಕಿಟ’ ಎಂದು ಹೇಳಿಕೊಳ್ಳುವಾಗ ನಾಲಿಗೆ ತಾನಾಗಿ ‘ತ’ಕಾರದ ಮೇಲೆ ಭಾರ ಹಾಕುತ್ತದೆಯಲ್ಲವೇ? ಪಿಯಾನೊ ಮುಂದೆ ಕೂರುವ ಮೊದಲು ಆ ಭಾರವನ್ನು ನಾಲ್ಕು ಆವರ್ತ ‘ಕಿ’ಯ ಮೇಲೂ ಮುಂದಿನ ನಾಲ್ಕು ಆವರ್ತ ‘ಟ’ದ ಮೇಲೂ ಇಟ್ಟು, ಕೈಯಲ್ಲಿ ತಾಳ ಹಾಕುತ್ತ ಹೇಳಿ ನೋಡು. ನಾಲಿಗೆಗೆ ಒಗ್ಗಿದ ಮೇಲೆ ಬೆರಳಿಗೆ ತರುವುದು ಕಷ್ಟವಲ್ಲ. ಒತ್ತು ಎಂದರೆ ಜೋರಾಗಿ ಬಡಿಯುವುದು ಎಂದುಕೊಳ್ಳಬೇಡ; ಆ ಪೆಟ್ಟಿನ ಮೇಲೆ ಕ್ಷಣಕಾಲ ತಂಗಿ, ಅಲ್ಲಿ ಕಳೆದ ಕಾಲವನ್ನು ಮುಂದಿನ ಪೆಟ್ಟಿನಲ್ಲಿ ಹಿಂದಿರುಗಿಸುವುದೂ ಒತ್ತೇ.

ಈ ತಂಗುವಿಕೆ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಶೋಪಾನನ ಕಾಲದ ಘಟನೆಯೊಂದು ಸಾಕ್ಷಿ. ಅವನ ಶಿಷ್ಯ ವಿಲ್ಹೆಲ್ಮ್ ಫಾನ್ ಲೆಂಟ್ಸ್ ಬರೆದಿಟ್ಟಿರುವಂತೆ, ಓಪಸ್ (ಕೃತಿಸಂಖ್ಯೆ) 33ರಲ್ಲಿರುವ, ಸಿ ಮೇಜರ್ ಸ್ವರಶ್ರೇಣಿಯ ಮಜುರ್ಕಾದ ಪಾಠ ನಡೆಯುತ್ತಿದ್ದಾಗ ಆಪೆರಾ ಸಂಯೋಜಕ ಮೇಯರ್‌ಬೇರ್ ಒಳಗೆ ಬಂದು, ಇದು ಎರಡು ಪೆಟ್ಟುಗಳ ತಾಳವೆಂದು ಹೇಳಿದನಂತೆ. ಮೂರೇ ಎಂದು ಶೋಪಾನ್ ಪಟ್ಟುಹಿಡಿದು, ಪೆನ್ಸಿಲಿನಿಂದ ತಾಳ ಹಾಕುತ್ತ ತಾನೇ ನುಡಿಸಿ ತೋರಿಸಿದರೂ ಮೇಯರ್‌ಬೇರ್ ಒಪ್ಪಲಿಲ್ಲ. ಶೋಪಾನ್ ಕೋಪಗೊಂಡು ಕೋಣೆಯಿಂದ ಹೊರನಡೆದ. ಪಿಯಾನೊ ವಾದಕ ಚಾರ್ಲ್ಸ್ ಹ್ಯಾಲೆ ಕೂಡ ಶೋಪಾನನ ಮಜುರ್ಕಾಗಳು ನಾಲ್ಕು ಪೆಟ್ಟುಗಳಂತೆ ಕೇಳುತ್ತವೆಂದು ಅವನಿಗೇ ಹೇಳಿದ್ದ. ಆಗ ಶೋಪಾನ್ ನಕ್ಕು, ಅದು ತನ್ನ ನಾಡಿನ ಕುಣಿತದ ಗುಣವೆಂದು ವಿವರಿಸಿದ್ದ. ಕೇಳುಗರು ಲೆಕ್ಕ ತಪ್ಪುವಷ್ಟು ಒಂದು ಪೆಟ್ಟು ಹಿಗ್ಗುತ್ತಿತ್ತು, ನುಡಿಸುವವನಿಗೆ ಮಾತ್ರ ತಾಳ ಕೆಟ್ಟಿದೆಯೆಂದು ಒಂದಿಷ್ಟೂ ಅನ್ನಿಸುತ್ತಿರಲಿಲ್ಲ. ಇಂದು ನಾವು ತಾಳಯಂತ್ರವಾದ ಮೆಟ್ರೊನೋಮ್‌ಗೆ ಸರಿಯಾಗಿ ಮೂರು ಸಮಪಾಲು ಮಾಡಿ ನುಡಿಸಿದರೆ ಸ್ವರಲಿಪಿಗೆ ನಿಷ್ಠರಾಗಿರುತ್ತೇವೆ, ಮಜುರ್ಕಾಕ್ಕಲ್ಲ.

ಹಾಗೆಂದು ಮನಬಂದಂತೆ ಎಳೆಯುವುದೂ ಸಲ್ಲದು. ಎಡಗೈ ವಾದ್ಯವೃಂದದ ನಿರ್ದೇಶಕನಿದ್ದಂತೆ, ಅದು ತಾಳ ಬಿಡಬಾರದು ಎಂದು ಶೋಪಾನ್ ಶಿಷ್ಯರಿಗೆ ಹೇಳುತ್ತಿದ್ದ. ಎಡಗೈ ಕುಣಿತದ ಹೆಜ್ಜೆಯನ್ನು ಕಾಯುತ್ತಿರಲಿ, ಬಲಗೈ ಅದರ ಮೇಲೆ ಹಾಡುವವರಂತೆ ತುಸು ಹಿಂದೆ ಮುಂದೆ ಆಗಲಿ.

ಹತ್ತಿರದಿಂದ ನೋಡಲು ಓಪಸ್ 17ರ 4ನೆಯ ಮಜುರ್ಕಾ ಇದೆ. ಎ ಮೈನರ್ ಎಂದು ಹೆಸರು, ಆದರೆ ಮೊದಲ ನಾಲ್ಕು ಆವರ್ತಗಳಲ್ಲಿ ಕೇಳುವ ಸ್ವರಗುಚ್ಛಗಳು ಯಾವ ಆಧಾರಸ್ವರದ ಮೇಲೆ ನಿಂತಿವೆಯೆಂದು ಹೇಳಲಾಗದು. ಮೇಲಿನ ಮತ್ತು ಕೆಳಗಿನ ಸ್ವರಗಳು ಅಲುಗದೆ ನಿಂತಿರುತ್ತವೆ, ನಡುವಿನ ಸ್ವರವೊಂದೇ ಮೆಲ್ಲನೆ ಮೇಲೇರುತ್ತದೆ. ನಡುವಿನ ಭಾಗ ಎ ಮೇಜರಿಗೆ ತಿರುಗಿದಾಗ ಎಡಗೈಯಲ್ಲಿ ಷಡ್ಜ-ಪಂಚಮಗಳು ಬಿಡದೆ ಮೊಳಗುತ್ತವೆ; ಹಳ್ಳಿಯ ಗಾಳಿವಾದ್ಯ ದೂಡಿಯ (ಬ್ಯಾಗ್‌ಪೈಪ್) ಶ್ರುತಿ ಅದು, ಗಾಳಿ ತುಂಬಿದ ಚೀಲದಿಂದ ಹೊರಡುವಂಥದ್ದು. ಕೊನೆಯಲ್ಲಿ ಆರಂಭದ ನಾಲ್ಕು ಆವರ್ತಗಳು ಮರಳಿ ಬಂದು, ಎ ಮೈನರಿಗೆ ಇಳಿಯದೆ, ಅದೇ ಅನಿಶ್ಚಿತ ಗುಚ್ಛದ ಮೇಲೆ ಸಂಗೀತ ಕರಗಿಹೋಗುತ್ತದೆ. ಅಲ್ಲಿ ‘ಮುಗಿಯಿತು’ ಎಂಬಂತೆ ವೇಗ ತಗ್ಗಿಸಿ ಒತ್ತು ಕೊಡುವವರನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಮುಗಿಸಬಾರದೆಂದೇ ಅವನು ಹಾಗೆ ಬರೆದಿದ್ದಾನೆ. ಓಪಸ್ 7ರ 5ನೆಯದರಲ್ಲಂತೂ ಅವನು ಅಂತ್ಯವನ್ನೇ ಬರೆದಿಲ್ಲ: ಗುರುತಿನಿಂದ ಮತ್ತೆ ಆರಂಭಿಸಿ, ಕೊನೆಯಿಲ್ಲದಂತೆ, ಎಂಬರ್ಥದ ಇಟಾಲಿಯನ್ ಸೂಚನೆಯೊಂದಿದೆ, ಅಷ್ಟೇ. ನಿಲ್ಲಿಸುವ ಜಾಗವನ್ನು ನುಡಿಸುವವರೇ ಆರಿಸಿಕೊಳ್ಳಬೇಕು.

ವಿಯೆನ್ನಾದ ಸಂಯೋಜಕ ಶೂಬರ್ಟನ ನೃತ್ಯಗಳ ಸ್ವಭಾವ ಬೇರೆ. ಅವನು ಗೆಳೆಯರ ಮನೆಗಳಲ್ಲಿ ಸಂಜೆ ಹೊತ್ತು ಪಿಯಾನೊ ಮುಂದೆ ಕುಳಿತು, ಉಳಿದವರು ಕುಣಿಯುತ್ತಿರುವಾಗ ಆಶುವಾಗಿ ನುಡಿಸುತ್ತಿದ್ದ. ಹಿಡಿಸಿದವುಗಳನ್ನು ಆಮೇಲೆ ಬರೆದಿಡುತ್ತಿದ್ದ. 1826ರಲ್ಲಿ ಗೆಳೆಯ ಕುಪೆಲ್‌ವೀಸರನ ಮದುವೆಯಲ್ಲಿ ನುಡಿಸಿದ, ಮೂರು ಪೆಟ್ಟುಗಳ ಕುಣಿತವಾದ ವಾಲ್ಟ್ಸ್ ಒಂದು ಕಾಗದಕ್ಕೆ ಇಳಿಯದೆ ಆ ಮನೆತನದಲ್ಲಿ ಕಿವಿಯಿಂದ ಕಿವಿಗೆ ಉಳಿದುಬಂದು, 1943ರಲ್ಲಿ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅದನ್ನು ಸ್ವರಲಿಪಿಗೆ ಇಳಿಸಿದ. ಈ ನೃತ್ಯಗಳಲ್ಲಿ ಬಹುಪಾಲು ಹದಿನಾರು ಆವರ್ತಗಳವು: ಎಂಟೆಂಟರ ಎರಡು ಭಾಗ, ಎರಡಕ್ಕೂ ಪುನರಾವರ್ತನೆ. ಆ ಪುನರಾವರ್ತನೆಗಳನ್ನು ಬಿಟ್ಟುಬಿಡಬೇಡ. ಮೊದಲ ಸಲ ರಾಗ ಕೇಳಿಸಲಿ, ಎರಡನೆಯ ಸಲ ನಡುದನಿಯಲ್ಲಿ ಅಡಗಿರುವ ಮತ್ತೊಂದು ಎಳೆಯನ್ನು ಮೇಲೆತ್ತು, ಇಲ್ಲವೇ ಎಲ್ಲವನ್ನೂ ಪಿಸುದನಿಗೆ ಇಳಿಸು. ಎಡಗೈಯ ಮೊದಲ ಸ್ವರ ಆಳವಾಗಿರಲಿ, ಹಿಂಬಾಲಿಸುವ ಎರಡು ಗುಚ್ಛಗಳು ಹಗುರವಾಗಿರಲಿ; ಮೂರನ್ನೂ ಒಂದೇ ತೂಕದಲ್ಲಿ ನುಡಿಸಿದರೆ ಕಾಲುಗಳು ಏಳುವುದೇ ಇಲ್ಲ. ಬೆಳಕಿನಂಥ ಮೇಜರಿನಿಂದ ವಿಷಾದದ ಮೈನರಿಗೆ ಅವನು ಹಠಾತ್ತನೆ ಹೊರಳುವಾಗ ನಿಂತು ಮರುಗಬೇಡ, ಕುಣಿತ ನಡೆಯುತ್ತಲೇ ಇರಬೇಕು. ಆ ನಡಿಗೆ ತಪ್ಪದಿರುವುದರಿಂದಲೇ ಆ ನೋವು ಮನಸ್ಸಿಗೆ ತಾಗುತ್ತದೆ.

ಸಂಯೋಜಕ ಬ್ರಾಮ್ಸ್ ಈ ರಚನೆಗಳ ದೊಡ್ಡ ಅಭಿಮಾನಿ. ಶೂಬರ್ಟನ ಹನ್ನೆರಡು ಲೆಂಡ್ಲರ್‌ಗಳನ್ನು (ವಾಲ್ಟ್ಸ್‌ನಂಥ ಹಳ್ಳಿಕುಣಿತಗಳು) ಸಂಪಾದಿಸಿ 1864ರಲ್ಲಿ ಪ್ರಕಟಿಸಿದ ಅವನು ಮರುವರ್ಷವೇ ತನ್ನ ಹದಿನಾರು ವಾಲ್ಟ್ಸ್‌ಗಳನ್ನು ಬರೆದ. ಅವುಗಳ ಸರಳಗೊಳಿಸಿದ ರೂಪವನ್ನೂ ಅವನೇ ಸಿದ್ಧಪಡಿಸಿರುವುದರಿಂದ ನಿನಗೆ ಮುಂದೆ ಅನುಕೂಲವಾದೀತು.

ಕೇಳುವುದಕ್ಕೆ ಪಿಯಾನೊ ವಾದಕ ರೂಬಿನ್‌ಸ್ಟೈನ್ ಇದ್ದಾನೆ. ಮಜುರ್ಕಾಗಳನ್ನು ಮೂರು ಬೇರೆ ಬೇರೆ ಕಾಲಗಳಲ್ಲಿ ಧ್ವನಿಮುದ್ರಿಸಿದ್ದಾನೆ. 1930ರ ದಶಕದ ಕೊನೆಯ ಮುದ್ರಿಕೆಯೂ 1960ರ ದಶಕದ್ದೂ ಒಂದೇ ಕೈಯವಾದರೂ ಭಾರದ ಹಂಚಿಕೆ ಬೇರೆ. ಹಳೆಯದರ ಚುರುಕು ನನಗೆ ಹೆಚ್ಚು ಪ್ರಿಯ. ಇಗ್ನಾಟ್ಸ್ ಫ್ರೀಡ್‌ಮನ್‌ನ ಹಳೆಯ ಮುದ್ರಿಕೆಗಳಲ್ಲಿ ಎರಡನೆಯ ಪೆಟ್ಟು ಎಷ್ಟು ಧೈರ್ಯದಿಂದ ಹಿಗ್ಗುತ್ತದೆಂದರೆ, ಮೇಯರ್‌ಬೇರ್ ಯಾಕೆ ಹಾಗೆ ಹೇಳಿದನೆಂದು ಥಟ್ಟನೆ ಅರ್ಥವಾಗುತ್ತದೆ. ಇದು ಪೋಲೆಂಡಿನವರಿಗೆ ಮಾತ್ರ ಒಲಿಯುವ ವಿದ್ಯೆಯೆಂಬ ಅಂಜಿಕೆ ನಿನಗಿದ್ದರೆ, ಶಾಂಘೈಯಲ್ಲಿ ಹುಟ್ಟಿದ ಫೂ ತ್ಸಾಂಗ್ 1955ರ ವಾರ್ಸಾ ಶೋಪಾನ್ ಸ್ಪರ್ಧೆಯಲ್ಲಿ ಮಜುರ್ಕಾಗಳ ವಿಶೇಷ ಬಹುಮಾನ ಗೆದ್ದದ್ದನ್ನು ನೆನೆದುಕೋ.

ಓಪಸ್ 68ರ 3ನೆಯದರಿಂದ ಆರಂಭಿಸು. ಕೈಗೆ ಸುಲಭವಾದದ್ದು, ನಡುವೆ ಶ್ರುತಿಯ ಮೇಲೆ ಪ್ರತಿಮಧ್ಯಮ ಕೇಳಿಬಂದಾಗ ಕಲ್ಯಾಣಿಯನ್ನು ಕೇಳಿ ಬೆಳೆದ ನಿನ್ನ ಕಿವಿ ಅದನ್ನು ಕೂಡಲೇ ಗುರುತು ಹಿಡಿಯುತ್ತದೆ. ಮೊದಲ ವಾರ ಪೆಡಲ್ ಮುಟ್ಟದೆ ಎಡಗೈಯೊಂದನ್ನೇ ನುಡಿಸಿ, ಆ ಮುದ್ರಿಕೆಯನ್ನು ನನಗೆ ಕಳುಹಿಸು. ಬಲಗೈಯ ವಿಷಯವನ್ನು ಅದನ್ನು ಕೇಳಿದ ಮೇಲೆ ಬರೆಯುತ್ತೇನೆ.

ಇಂತಿ,
ನಿನ್ನ ಗೆಳೆಯ